ಮಗುವಿನ ‘ಸೋಮಾರಿ ಕಣ್ಣು’: ವಯಸ್ಸು ಮೀರುವ ಮೊದಲೇ ಗುರುತಿಸಿ



ಕರು ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಬೇಕು ಎಂಬುದನ್ನು ನಿಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಹೊತ್ತು ಕಳೆದಂತೆ ಗಿಣ್ಣಿನಲ್ಲಿರುವ ರೋಗ ನಿರೋಧಕ ಅಂಶಗಳನ್ನು ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಕಡಿಮೆಯಾಗುತ್ತಾ ಹೋಗುತ್ತದೆ. ಒಂದು ದಿನ ಕಳೆದ ಮೇಲೆ ಬಕೆಟ್ ತುಂಬ ಕುಡಿಸಿದರೂ ಆ ಪ್ರಯೋಜನ ಸಿಗುವುದಿಲ್ಲ. ಹಾಲು ಅದೇ, ಕರು ಅದೇ, ಆದರೆ ಹೊತ್ತು ಮೀರಿರುತ್ತದೆ.

ನಮ್ಮ ಮಕ್ಕಳ ಕಣ್ಣಿನ ವಿಷಯದಲ್ಲೂ ಇಂಥದೇ ಒಂದು ಹೊತ್ತು ಇದೆ. ಅದು ಗಂಟೆಗಳ ಲೆಕ್ಕದ್ದಲ್ಲ, ವರ್ಷಗಳ ಲೆಕ್ಕದ್ದು. ಮಗು ಹುಟ್ಟಿದಂದಿನಿಂದ ಸುಮಾರು ಏಳೆಂಟು ವರ್ಷ ತುಂಬುವವರೆಗೆ ಅದರ ಮೆದುಳು ನೋಡುವುದನ್ನು ಕಲಿಯುತ್ತಿರುತ್ತದೆ. ಆ ಕಾಲದಲ್ಲಿ ಒಂದು ಕಣ್ಣು ಹಿಂದೆ ಬಿದ್ದರೆ, ಅದನ್ನು ಗುರುತಿಸಿ ಸರಿಪಡಿಸುವುದು ಬಹುಪಾಲು ಸಾಧ್ಯ. ಗುರುತಿಸದೇ ಬಿಟ್ಟರೆ ಆ ಕಣ್ಣಿನ ದೃಷ್ಟಿ ಜೀವನಪೂರ್ತಿ ಮಂದವಾಗಿಯೇ ಉಳಿಯಬಹುದು. ಇದಕ್ಕೆ ವೈದ್ಯರು ಆಂಬ್ಲಿಯೋಪಿಯಾ ಎನ್ನುತ್ತಾರೆ. ಜನಸಾಮಾನ್ಯರ ಮಾತಿನಲ್ಲಿ ‘ಸೋಮಾರಿ ಕಣ್ಣು’. ಸುಮಾರು ನೂರು ಮಕ್ಕಳಲ್ಲಿ ಒಬ್ಬರಿಂದ ಮೂವರಿಗೆ ಇದು ಇರುತ್ತದೆ. ಅಂದರೆ ನೂರು ಮಕ್ಕಳಿರುವ ನಿಮ್ಮೂರಿನ ಶಾಲೆಯಲ್ಲೂ ಒಂದಾದರೂ ಮಗುವಿಗೆ ಇದ್ದೀತು. ಆ ಮಗು ನಿಮ್ಮ ಮನೆಯದೇ ಆಗಿರಬಹುದು.

ಸೋಮಾರಿ ಕಣ್ಣು ಎಂದರೇನು?

ಹೆಸರು ಕೇಳಿ ಮಗು ಸೋಮಾರಿ ಎಂದುಕೊಳ್ಳಬೇಡಿ. ಕಣ್ಣೂ ಸೋಮಾರಿಯಲ್ಲ. ನಾವು ನೋಡುವುದು ಕಣ್ಣಿನಿಂದ ಮಾತ್ರವಲ್ಲ, ಮೆದುಳಿನಿಂದ. ಕಣ್ಣು ಚಿತ್ರ ಹಿಡಿದು ನರದ ಮೂಲಕ ಮೆದುಳಿಗೆ ಕಳಿಸುತ್ತದೆ. ಮೆದುಳು ಅದನ್ನು ಅರ್ಥ ಮಾಡಿಕೊಳ್ಳುತ್ತದೆ. ಎರಡು ಕಣ್ಣುಗಳಿಂದ ಒಂದೇ ಥರದ ಸ್ಪಷ್ಟ ಚಿತ್ರ ಬಂದರೆ ಮೆದುಳು ಎರಡನ್ನೂ ಸೇರಿಸಿ ಒಂದಾಗಿ ನೋಡುತ್ತದೆ. ಒಂದು ಕಣ್ಣಿನಿಂದ ಮಸುಕಾದ ಅಥವಾ ಬೇರೆ ದಿಕ್ಕಿನ ಚಿತ್ರ ಬರುತ್ತಿದ್ದರೆ, ಮೆದುಳು ಅದನ್ನು ಬದಿಗೊತ್ತಿ ಚೆನ್ನಾಗಿ ಕಾಣುವ ಕಣ್ಣನ್ನೇ ನಂಬಿಕೊಳ್ಳುತ್ತದೆ.

ಹಸುವಿನ ನಾಲ್ಕು ಮೊಲೆಗಳಲ್ಲಿ ಒಂದನ್ನು ಹಿಂಡದೇ ಬಿಟ್ಟರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಆ ಭಾಗ ಬತ್ತುತ್ತಾ ಹೋಗುತ್ತದೆ. ಬಳಸದ ಕಣ್ಣಿನ ಕಥೆಯೂ ಹಾಗೆಯೇ. ಕಣ್ಣು ನೋಡಲು ಚೆನ್ನಾಗಿರುತ್ತದೆ, ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಆದರೆ ಆ ಕಣ್ಣಿಗೂ ಮೆದುಳಿಗೂ ಇರಬೇಕಾದ ಬಳಕೆ ತಪ್ಪಿಹೋಗುತ್ತದೆ. ಹೆಚ್ಚಿನವರಿಗೆ ಇದು ಒಂದೇ ಕಣ್ಣಿಗೆ ಬರುತ್ತದೆ. ಕೆಲವು ಮಕ್ಕಳಿಗೆ ಎರಡಕ್ಕೂ ಬರುವುದುಂಟು.

ಈ ಸಂಗತಿಯನ್ನು ವಿಜ್ಞಾನಿಗಳು ಬೆಕ್ಕಿನ ಮರಿಗಳಲ್ಲಿ ಕಂಡುಕೊಂಡರು. 1960ರ ದಶಕದಲ್ಲಿ ಅಮೆರಿಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಎಂಬ ಇಬ್ಬರು ಎಳೆಯ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಮುಚ್ಚಿಟ್ಟು, ಕೆಲವು ವಾರಗಳ ನಂತರ ತೆರೆದು ಪರೀಕ್ಷಿಸಿದರು. ಕಣ್ಣಿಗೆ ಏನೂ ಆಗಿರಲಿಲ್ಲ. ಆದರೆ ಮೆದುಳಿನಲ್ಲಿ ಆ ಕಣ್ಣಿಗೆ ಸ್ಪಂದಿಸುವ ಜೀವಕೋಶಗಳು ತೀರಾ ಕಡಿಮೆಯಾಗಿದ್ದವು. ಬೆಳೆದ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿಟ್ಟರೂ ಇಂಥ ನಷ್ಟ ಆಗಲಿಲ್ಲ. ಎಳೆಯ ವಯಸ್ಸಿನಲ್ಲಿ ಆಗುವ ಕಲಿಕೆಯೇ ಮುಖ್ಯ ಎಂಬುದು ಇದರಿಂದ ಖಚಿತವಾಯಿತು. ಮೆದುಳು ಹೇಗೆ ನೋಡುತ್ತದೆ ಎಂಬ ಇವರ ಸಂಶೋಧನೆಗೆ 1981ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಯಾವ ಕಾರಣಕ್ಕೆ ಬರುತ್ತದೆ?

ಮುಖ್ಯವಾಗಿ ಮೂರು ಕಾರಣಗಳಿವೆ.

ಒಂದು, ಮೆಳ್ಳೆಗಣ್ಣು. ಮಾಲುಗಣ್ಣು, ವಾರೆಗಣ್ಣು, ಓರೆಗಣ್ಣು ಎಂದೂ ಕರೆಯುತ್ತೇವೆ. ಒಂದು ಕಣ್ಣು ನೇರ ನೋಡುತ್ತಿದ್ದರೆ ಇನ್ನೊಂದು ಮೂಗಿನ ಕಡೆಗೋ ಕಿವಿಯ ಕಡೆಗೋ ತಿರುಗಿರುತ್ತದೆ. ಎರಡು ಬೇರೆ ಬೇರೆ ಚಿತ್ರ ಬರುವುದರಿಂದ ಮೆದುಳು ತಿರುಗಿದ ಕಣ್ಣಿನ ಚಿತ್ರವನ್ನು ಕೈಬಿಡುತ್ತದೆ.

ಎರಡು, ಎರಡು ಕಣ್ಣುಗಳ ಪವರ್‌ನಲ್ಲಿ ವ್ಯತ್ಯಾಸ. ಒಂದು ಕಣ್ಣಿಗೆ ಕನ್ನಡಕವೇ ಬೇಡ, ಇನ್ನೊಂದಕ್ಕೆ ಹೆಚ್ಚು ಪವರ್ ಬೇಕು ಎಂಬಂಥ ಸ್ಥಿತಿ. ಇದು ಮೂರರಲ್ಲಿ ಹೆಚ್ಚು ಮೋಸ ಮಾಡುವಂಥದು. ಏಕೆಂದರೆ ಕಣ್ಣು ನೇರವಾಗಿಯೇ ಇರುತ್ತದೆ. ಮಗು ಒಳ್ಳೆಯ ಕಣ್ಣಿನಿಂದ ಓದುತ್ತದೆ, ಆಡುತ್ತದೆ, ಓಡುತ್ತದೆ. ಒಂದು ಕಣ್ಣು ಮಂಜಾಗಿದೆ ಎಂದು ಮಗುವಿಗೂ ಗೊತ್ತಿರುವುದಿಲ್ಲ. ಹುಟ್ಟಿದಾಗಿನಿಂದ ಹಾಗೇ ಇರುವುದರಿಂದ ಎಲ್ಲರಿಗೂ ಹೀಗೇ ಕಾಣುತ್ತದೆ ಎಂದುಕೊಂಡಿರುತ್ತದೆ. ಎರಡೂ ಕಣ್ಣಿಗೆ ಹೆಚ್ಚು ಪವರ್ ಇದ್ದು ಕನ್ನಡಕ ಹಾಕಿಸದಿದ್ದರೆ ಎರಡೂ ಕಣ್ಣು ಹಿಂದೆ ಬೀಳಬಹುದು.

ಮೂರು, ಬೆಳಕಿಗೆ ಅಡ್ಡಿ. ಹುಟ್ಟಿನಿಂದಲೇ ಕಣ್ಣಿನ ಪೊರೆ ಇರುವುದು, ಮೇಲಿನ ರೆಪ್ಪೆ ಜೋತುಬಿದ್ದು ಕಣ್ಣಿನ ಪಾಪೆಯನ್ನು ಮುಚ್ಚಿರುವುದು, ಕರಿಗುಡ್ಡೆಯ ಮೇಲೆ ಬಿಳಿ ಕಲೆ ಇರುವುದು ಇತ್ಯಾದಿ. ಇದು ಅಪರೂಪ, ಆದರೆ ಅತಿ ತೀವ್ರ. ಹುಟ್ಟಿದ ಮಗುವಿಗೆ ದಟ್ಟ ಪೊರೆ ಇದ್ದರೆ ಮೊದಲ ಕೆಲವು ವಾರಗಳಲ್ಲೇ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ‘ದೊಡ್ಡದಾಗಲಿ, ಆಮೇಲೆ ನೋಡೋಣ’ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಮೆಳ್ಳೆಗಣ್ಣೋ ಸೋಮಾರಿ ಕಣ್ಣೋ ಇದ್ದರೆ, ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೆ ಅಥವಾ ಹುಟ್ಟುವಾಗ ತೂಕ ತೀರಾ ಕಡಿಮೆ ಇದ್ದರೆ ಹೆಚ್ಚು ಎಚ್ಚರ ಬೇಕು.

ಒಂದು ಮಾತು ಇಲ್ಲೇ ಹೇಳಬೇಕು. ಮಗುವಿಗೆ ಮೆಳ್ಳೆಗಣ್ಣು ಬಂದರೆ ‘ಬಸುರಿಯಲ್ಲಿ ಗ್ರಹಣ ನೋಡಿದಳು’, ‘ತೊಟ್ಟಿಲಿನ ಒಂದೇ ಕಡೆ ಗಿಲಕಿ ಕಟ್ಟಿದಳು’ ಎಂದು ತಾಯಿಯನ್ನೇ ದೂರುವವರಿದ್ದಾರೆ. ಇವೆರಡರಿಂದಲೂ ಸೋಮಾರಿ ಕಣ್ಣು ಬರುವುದಿಲ್ಲ. ಇದು ತಾಯಿಯ ತಪ್ಪಲ್ಲ. ನಿಮ್ಮ ಸೊಸೆಗೋ ಪಕ್ಕದ ಮನೆಯ ಬಾಣಂತಿಗೋ ಯಾರಾದರೂ ಹೀಗೆ ಅಂದರೆ, ನೀವು ಅವಳ ಪರ ನಿಂತು ಮಗುವನ್ನು ಕಣ್ಣಿನ ವೈದ್ಯರ ಬಳಿ ಕಳಿಸಿ.

ಮನೆಯಲ್ಲಿ ಗಮನಿಸುವುದು ಹೇಗೆ?

ಹಸು ಮೇವು ಬಿಟ್ಟಿದೆ ಎಂದರೆ, ಮೆಲುಕು ಹಾಕುತ್ತಿಲ್ಲ ಎಂದರೆ ಪಶುವೈದ್ಯರಿಗಿಂತ ಮೊದಲು ತಿಳಿಯುವುದು ನಿಮಗೆ. ಮಗುವಿನ ಕಣ್ಣನ್ನೂ ಹಾಗೆಯೇ ಗಮನಿಸಬಹುದು.

• ಕಣ್ಣು ಒಳಗೆ ಅಥವಾ ಹೊರಗೆ ತಿರುಗುತ್ತಿದೆಯೇ? ಸುಸ್ತಾದಾಗ, ಜ್ವರ ಬಂದಾಗ ಮಾತ್ರ ತಿರುಗಿದರೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಎಳೆಗೂಸಿನ ಕಣ್ಣು ಮೊದಲ ಮೂರು ನಾಲ್ಕು ತಿಂಗಳು ಆಗಾಗ ಅತ್ತಿತ್ತ ಸರಿಯುವುದು ಸಹಜ. ಅದರ ನಂತರವೂ ಸರಿಯುತ್ತಿದ್ದರೆ ತೋರಿಸಿ.
• ಮಗು ತಲೆ ಓರೆ ಮಾಡಿ ನೋಡುತ್ತದೆಯೇ? ಟಿ.ವಿ.ಗೆ, ಪುಸ್ತಕಕ್ಕೆ ತೀರಾ ಹತ್ತಿರ ಹೋಗುತ್ತದೆಯೇ?
• ಬಿಸಿಲಿನಲ್ಲಿ ಒಂದೇ ಕಣ್ಣು ಮುಚ್ಚಿಕೊಳ್ಳುತ್ತದೆಯೇ?
• ಲೋಟಕ್ಕೆ ನೀರು ಸುರಿಯುವಾಗ, ಮೆಟ್ಟಿಲು ಇಳಿಯುವಾಗ, ಚೆಂಡು ಹಿಡಿಯುವಾಗ ಪದೇ ಪದೇ ಅಂದಾಜು ತಪ್ಪುತ್ತದೆಯೇ?
• ಒಂದು ಕಣ್ಣಿನ ರೆಪ್ಪೆ ಜೋತುಬಿದ್ದಿದೆಯೇ?

ಎಳೆಯ ಮಗುವಿಗೆ ಒಂದು ಸರಳ ಪರೀಕ್ಷೆ ಇದೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದಕ್ಕೆ ಇಷ್ಟವಾದ ಆಟಿಕೆ ತೋರಿಸುತ್ತಾ, ಅಂಗೈಯಿಂದ ಒಂದು ಕಣ್ಣನ್ನು ಒತ್ತದೇ ಮರೆ ಮಾಡಿ. ಆಮೇಲೆ ಇನ್ನೊಂದನ್ನು. ಎರಡೂ ಕಣ್ಣು ಚೆನ್ನಾಗಿದ್ದರೆ ಮಗು ಎರಡು ಸಲವೂ ಒಂದೇ ರೀತಿ ಇರುತ್ತದೆ. ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದಾಗ ಪ್ರತಿ ಸಲವೂ ಅತ್ತು ಕೈ ತಳ್ಳಿದರೆ ಅನುಮಾನಪಡಿ. ಅದು ತಳ್ಳುತ್ತಿರುವುದು ತನ್ನ ಒಳ್ಳೆಯ ಕಣ್ಣನ್ನು ಮುಚ್ಚಿದ ಕೈಯನ್ನು.

ಅಂಕಿ ಗೊತ್ತಿರುವ ಮಗುವಿಗೆ ಗೋಡೆಯ ಕ್ಯಾಲೆಂಡರ್ ಸಾಕು. ಹತ್ತು ಅಡಿ ದೂರದಲ್ಲಿ, ಒಳ್ಳೆಯ ಬೆಳಕಿನಲ್ಲಿ ನಿಲ್ಲಿಸಿ. ಒಂದು ಕಣ್ಣು ಮುಚ್ಚಿಸಿ ತಾರೀಖುಗಳನ್ನು ಓದಿಸಿ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿಸಿ ಬೇರೆ ಸಾಲಿನ ತಾರೀಖುಗಳನ್ನು ಓದಿಸಿ. ಅದೇ ಸಾಲನ್ನು ಕೇಳಿದರೆ ನೆನಪಿನಿಂದ ಹೇಳಿಬಿಡುತ್ತದೆ. ಬೆರಳ ಸಂದಿಯಿಂದ ಇಣುಕದಂತೆ ನೋಡಿಕೊಳ್ಳಿ. ಎರಡು ಕಣ್ಣುಗಳ ಓದಿನಲ್ಲಿ ವ್ಯತ್ಯಾಸ ಕಂಡರೆ ಆಸ್ಪತ್ರೆಗೆ ಹೊರಡಿ. ವ್ಯತ್ಯಾಸ ಕಾಣದಿದ್ದರೂ ಇದು ಆಸ್ಪತ್ರೆಯ ಪರೀಕ್ಷೆಗೆ ಬದಲಿಯಲ್ಲ. ಮೂರು ನಾಲ್ಕು ವರ್ಷದ ವಯಸ್ಸಿನಲ್ಲಿ, ಅಂದರೆ ಶಾಲೆಗೆ ಸೇರಿಸುವ ಮೊದಲೇ, ಪ್ರತಿ ಮಗುವಿಗೂ ಒಮ್ಮೆ ಎರಡೂ ಕಣ್ಣನ್ನು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿ.

ತಕ್ಷಣ ಹೊರಡಬೇಕಾದ ಸೂಚನೆ: ಮಗುವಿನ ಕಣ್ಣಿನ ಪಾಪೆ ಕಪ್ಪಾಗಿ ಕಾಣದೇ ಬೆಳ್ಳಗೆ ಹೊಳೆಯುತ್ತಿದ್ದರೆ ಅಥವಾ ಮೊಬೈಲ್‌ನಲ್ಲಿ ಫ್ಲಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಕಣ್ಣು ಮಾತ್ರ ಮತ್ತೆ ಮತ್ತೆ ಬೆಳ್ಳಗೆ ಕಂಡರೆ ತಡಮಾಡದೇ ಕಣ್ಣಿನ ವೈದ್ಯರಿಗೆ ತೋರಿಸಿ. ಅದು ಪೊರೆ ಇರಬಹುದು. ಅಪರೂಪಕ್ಕೆ ಕಣ್ಣಿನೊಳಗಿನ ಕ್ಯಾನ್ಸರ್ ಗಡ್ಡೆಯೂ ಆಗಿರಬಹುದು. ಬೇಗ ತೋರಿಸಿದರೆ ಮಗುವಿನ ಜೀವ ಉಳಿಯುತ್ತದೆ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

‘ಮಗುವಿಗೆ ಅಕ್ಷರವೇ ಬರುವುದಿಲ್ಲ, ಹೇಗೆ ಪರೀಕ್ಷೆ ಮಾಡುತ್ತಾರೆ?’ ಎಂದು ಕೇಳುವವರಿದ್ದಾರೆ. ಮಾತು ಬಾರದ ಮಗುವಿನ ಕಣ್ಣಿನ ಪವರನ್ನೂ ಅಳೆಯಬಹುದು. ಮೊದಲು ಪಾಪೆ ಹಿಗ್ಗಿಸುವ ಹನಿ ಹಾಕುತ್ತಾರೆ. ಆಮೇಲೆ ಕಣ್ಣಿಗೆ ಬೆಳಕು ಬಿಟ್ಟು, ಅದು ಹಿಂದಿರುಗುವ ರೀತಿಯನ್ನು ನೋಡಿ ಪವರ್ ಲೆಕ್ಕ ಹಾಕುತ್ತಾರೆ. ಮಗು ಏನೂ ಉತ್ತರ ಹೇಳಬೇಕಿಲ್ಲ. ಸ್ವಲ್ಪ ದೊಡ್ಡ ಮಗುವಿಗೆ ಚಿತ್ರಗಳ ಚಾರ್ಟ್ ತೋರಿಸುತ್ತಾರೆ ಅಥವಾ ಅಕ್ಷರದ ಕಡ್ಡಿಗಳು ಯಾವ ಕಡೆಗಿವೆ ಎಂದು ಬೆರಳಲ್ಲಿ ತೋರಿಸಲು ಹೇಳುತ್ತಾರೆ. ಒಂದೊಂದೇ ಕಣ್ಣನ್ನು ಮುಚ್ಚಿ ತೆರೆದು ಕಣ್ಣು ಸರಿಯುತ್ತದೆಯೇ ಎಂದು ನೋಡುತ್ತಾರೆ. ಕಣ್ಣಿನ ಹಿಂಭಾಗವನ್ನೂ ಪರೀಕ್ಷಿಸುತ್ತಾರೆ.

ಹನಿ ಹಾಕಿದ ದಿನ ಮಗುವಿಗೆ ಹತ್ತಿರದ್ದು ಮಂಜಾಗುತ್ತದೆ, ಬಿಸಿಲು ಚುಚ್ಚುತ್ತದೆ. ಹನಿಯ ಬಗೆಯನ್ನು ನೋಡಿಕೊಂಡು ಇದು ಒಂದು ದಿನದಿಂದ ಒಂದೆರಡು ವಾರದವರೆಗೂ ಇರಬಹುದು. ಗಾಬರಿಯಾಗಬೇಡಿ, ತಾನಾಗಿ ಸರಿಹೋಗುತ್ತದೆ. ಟೋಪಿಯೋ ಕೊಡೆಯೋ ಜೊತೆಗಿರಲಿ.

ಚಿಕಿತ್ಸೆ: ಮೊದಲು ಕನ್ನಡಕ, ಆಮೇಲೆ ಪಟ್ಟಿ

ಪವರ್ ಇದ್ದರೆ ಮೊದಲ ಚಿಕಿತ್ಸೆ ಕನ್ನಡಕ. ಅದನ್ನು ಎದ್ದಾಗಿನಿಂದ ಮಲಗುವವರೆಗೆ ಹಾಕಿರಬೇಕು; ಓದುವಾಗ ಮಾತ್ರ, ಶಾಲೆಗೆ ಹೋಗುವಾಗ ಮಾತ್ರ ಎಂದಲ್ಲ. ಕೆಲವು ಮಕ್ಕಳಿಗೆ ನಾಲ್ಕೈದು ತಿಂಗಳು ಬರೀ ಕನ್ನಡಕ ಹಾಕಿಸಿದರೇ ಸೋಮಾರಿ ಕಣ್ಣು ಸರಿಹೋಗುತ್ತದೆ. ಹಾಗಾಗಿ ವೈದ್ಯರು ಕೆಲವು ವಾರ ಕಾದು ನೋಡಿ ಮುಂದಿನ ಹೆಜ್ಜೆ ಇಡುವುದುಂಟು.

ಕನ್ನಡಕವೊಂದೇ ಸಾಲದಿದ್ದರೆ ಪಟ್ಟಿ. ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. ಪಟ್ಟಿ ಅಂಟಿಸಬೇಕಾದ್ದು ಮಂದ ಕಣ್ಣಿಗಲ್ಲ, ಚೆನ್ನಾಗಿ ಕಾಣುವ ಕಣ್ಣಿಗೆ. ಗೋದಲಿಯಲ್ಲಿ ಜೋರಿನ ಹಸು ಪಕ್ಕದ ಬಡಕಲು ಹಸುವಿನ ಮೇವನ್ನೂ ತಿಂದುಹಾಕುತ್ತಿದ್ದರೆ ನೀವು ಏನು ಮಾಡುತ್ತೀರಿ? ಜೋರಿನದನ್ನು ಸ್ವಲ್ಪ ಹೊತ್ತು ದೂರ ಕಟ್ಟಿ, ಬಡಕಲು ಹಸುವಿಗೆ ತಿನ್ನಲು ಬಿಡುತ್ತೀರಿ. ಪಟ್ಟಿಯ ಕೆಲಸವೂ ಅದೇ. ಒಳ್ಳೆಯ ಕಣ್ಣು ಮರೆಯಾದಾಗ ಮೆದುಳು ವಿಧಿಯಿಲ್ಲದೇ ಮಂದ ಕಣ್ಣನ್ನು ಬಳಸಲು ಕಲಿಯುತ್ತದೆ. ಇದು ಹೊಸ ವಿದ್ಯೆಯೇನಲ್ಲ. ಫ್ರಾನ್ಸಿನ ಬುಫಾನ್ ಎಂಬ ವಿದ್ವಾಂಸ 1743ರಲ್ಲೇ ಮೆಳ್ಳೆಗಣ್ಣಿಗೆ ಒಳ್ಳೆಯ ಕಣ್ಣು ಮುಚ್ಚುವ ಉಪಾಯ ಬರೆದಿದ್ದ.

ಎಷ್ಟು ಹೊತ್ತು? ಮೊದಲೆಲ್ಲ ದಿನಪೂರ್ತಿ ಕಟ್ಟಿಸುತ್ತಿದ್ದರು. ಅಮೆರಿಕದ ಮಕ್ಕಳ ಕಣ್ಣಿನ ವೈದ್ಯರ ತಂಡವೊಂದು 2003ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಏಳು ವರ್ಷದೊಳಗಿನ ಮಕ್ಕಳಿಗೆ ಮಧ್ಯಮ ಪ್ರಮಾಣದ ತೊಂದರೆ ಇದ್ದರೆ ದಿನಕ್ಕೆ ಎರಡು ಗಂಟೆ ಕಟ್ಟಿದರೂ ಆರು ಗಂಟೆ ಕಟ್ಟಿದಷ್ಟೇ ಗುಣ ಸಿಕ್ಕಿತು. ತೀವ್ರ ತೊಂದರೆಗೆ ಆರು ಗಂಟೆ ಸಾಕಾಯಿತು. ನಿಮ್ಮ ಮಗುವಿಗೆ ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಬೇಗ ಗುಣವಾಗಲಿ ಎಂದು ನೀವಾಗಿ ಹೆಚ್ಚು ಹೊತ್ತು ಕಟ್ಟಬೇಡಿ. ಅತಿಯಾದರೆ ಒಳ್ಳೆಯ ಕಣ್ಣೇ ಹಿಂದೆ ಬೀಳುವ ಅಪಾಯವಿದೆ.

ಪಟ್ಟಿ ಸಹಿಸದ ಮಗುವಿಗೆ ಇನ್ನೊಂದು ದಾರಿ ಅಟ್ರೋಪಿನ್ ಹನಿ. ಒಳ್ಳೆಯ ಕಣ್ಣಿಗೆ ಹಾಕಿದರೆ ಅದರ ಹತ್ತಿರದ ದೃಷ್ಟಿ ಕೆಲಕಾಲ ಮಂಜಾಗಿ, ಮಂದ ಕಣ್ಣು ಕೆಲಸಕ್ಕೆ ಇಳಿಯುತ್ತದೆ. ಮಧ್ಯಮ ಪ್ರಮಾಣದ ತೊಂದರೆಗೆ ಇದು ಪಟ್ಟಿಯಷ್ಟೇ ಪರಿಣಾಮಕಾರಿ ಎಂದು ಕಂಡುಬಂದಿದೆ. ಕೀಟನಾಶಕ ತಿಂದು ವಿಷವೇರಿದ ದನಕ್ಕೆ ಪಶುವೈದ್ಯರು ಕೊಡುವ ಅಟ್ರೋಪಿನ್ ಚುಚ್ಚುಮದ್ದಿನಲ್ಲಿರುವುದೂ ಇದೇ ಔಷಧಿ. ಎಷ್ಟು ಬಲವಾದ ಮದ್ದು ಎಂಬುದು ಇದರಿಂದ ನಿಮಗೆ ಅರ್ಥವಾಗಬೇಕು. ವೈದ್ಯರು ಬರೆದುಕೊಟ್ಟ ಕಣ್ಣಿನ ಹನಿಯನ್ನು, ಹೇಳಿದಷ್ಟೇ ಹಾಕಿ. ಬಾಟಲಿ ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಡಿ. ಹನಿ ಹಾಕಿದ ಮೇಲೆ ಮುಖ ಕೆಂಪೇರಿ ಮೈ ಬಿಸಿಯಾದರೆ, ಎದೆಬಡಿತ ಜೋರಾದರೆ ನಿಲ್ಲಿಸಿ, ಕೂಡಲೇ ವೈದ್ಯರನ್ನು ಕೇಳಿ.

ಮೆಳ್ಳೆಗಣ್ಣಿಗೆ ಕೆಲವೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅದು ಕಣ್ಣಿನ ಹೊರಗಿನ ಸ್ನಾಯುಗಳನ್ನು ಸರಿಪಡಿಸಿ ಕಣ್ಣನ್ನು ನೇರ ಮಾಡುತ್ತದೆ. ಆದರೆ ಮಂದ ದೃಷ್ಟಿಯನ್ನು ಅದೊಂದೇ ಸರಿ ಮಾಡುವುದಿಲ್ಲ. ‘ಆಪರೇಷನ್ ಆಯಿತಲ್ಲ, ಇನ್ನು ಪಟ್ಟಿ ಯಾಕೆ?’ ಎಂದು ನಿಲ್ಲಿಸಿಬಿಡಬೇಡಿ.

ಪಟ್ಟಿ ಕಟ್ಟುವ ಮನೆಯ ದಿನಚರಿ

ಚಿಕಿತ್ಸೆ ಸೋಲುವುದು ಹೆಚ್ಚಾಗಿ ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ಮೊದಲ ಒಂದೆರಡು ವಾರ ಮಗು ಅಳುತ್ತದೆ, ಪಟ್ಟಿ ಕೀಳುತ್ತದೆ. ಅದಕ್ಕೆ ಸರಿಯಾಗಿ ಕಾಣದ ಕಣ್ಣಿನಿಂದ ಬದುಕು ಎನ್ನುತ್ತಿದ್ದೇವೆ, ಹಟ ಸಹಜ. ಕೆಲವು ಉಪಾಯಗಳು:

• ಪಟ್ಟಿಗೆ ಒಂದು ಹೊತ್ತು ಗೊತ್ತು ಮಾಡಿ. ಬೆಳಗಿನ ಹಾಲು ಕರೆಯುವ ಹೊತ್ತು ಬೇಡ. ನಿಮ್ಮ ಕೈ ಬಿಡುವಿರುವುದಿಲ್ಲ. ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಅಥವಾ ಮಗು ಶಾಲೆಯಿಂದ ಬಂದ ಮೇಲಿನ ಎರಡು ಗಂಟೆ ಅನುಕೂಲ.
• ಪಟ್ಟಿಯನ್ನು ಚರ್ಮಕ್ಕೆ ಅಂಟಿಸಿ, ಅದರ ಮೇಲೆ ಕನ್ನಡಕ ಹಾಕಿ. ಕನ್ನಡಕದ ಗಾಜಿಗೆ ಬಟ್ಟೆ ಅಂಟಿಸಿದರೆ ಮಗು ಬದಿಯಿಂದ ಇಣುಕುತ್ತದೆ.
• ಆ ಹೊತ್ತಿನಲ್ಲಿ ಕಣ್ಣಿಗೆ ಕೆಲಸ ಕೊಡಿ. ಚಿತ್ರಕ್ಕೆ ಬಣ್ಣ ತುಂಬುವುದು, ಮಣಿ ಪೋಣಿಸುವುದು, ಅವರೆಕಾಳು ಹೆಸರುಕಾಳು ಬೇರೆ ಮಾಡುವುದು, ಚೌಕಾಬಾರ, ಕಥೆ ಪುಸ್ತಕ ಯಾವುದಾದರೂ ಸರಿ. ಪಟ್ಟಿ ಕಟ್ಟಿ ಮಲಗಿಸಿದರೆ ಪ್ರಯೋಜನವಿಲ್ಲ.
• ಪಟ್ಟಿ ಇರುವಾಗ ಮಗುವಿಗೆ ಚೆನ್ನಾಗಿ ಕಾಣುವುದಿಲ್ಲ ಎಂಬುದು ನೆನಪಿರಲಿ. ಕೊಟ್ಟಿಗೆಗೆ, ಬಾವಿ ಕಟ್ಟೆಗೆ, ಮೇವು ಕತ್ತರಿಸುವ ಯಂತ್ರದ ಹತ್ತಿರಕ್ಕೆ, ರಸ್ತೆಗೆ ಒಂಟಿಯಾಗಿ ಬಿಡಬೇಡಿ.
• ಹಾಲಿನ ಪಾಸ್‌ಬುಕ್ಕಿನಲ್ಲಿ ದಿನವೂ ಲೀಟರ್, ಫ್ಯಾಟ್ ಬರೆಸುವಂತೆ, ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎಷ್ಟು ಹೊತ್ತು ಪಟ್ಟಿ ಇತ್ತು ಎಂದು ಬರೆಯಿರಿ. ತಪ್ಪಿದ ದಿನವನ್ನೂ ಬರೆಯಿರಿ. ಗುಣ ಕಾಣದಿದ್ದಾಗ ಮದ್ದು ಸಾಲದೋ, ಕಟ್ಟಿದ್ದು ಸಾಲದೋ ಎಂದು ವೈದ್ಯರಿಗೆ ತಿಳಿಯುವುದು ಈ ಲೆಕ್ಕದಿಂದಲೇ.
• ಅಜ್ಜಿ ತಾತನಿಗೆ, ಶಾಲೆಯ ಮೇಷ್ಟ್ರಿಗೆ, ಟೀಚರಿಗೆ ವಿಷಯ ತಿಳಿಸಿ. ಮಗುವನ್ನು ‘ಒಕ್ಕಣ್ಣ’ ಎಂದು ಯಾರೂ ಅಣಕಿಸದಂತೆ ನೋಡಿಕೊಳ್ಳಲಿ. ಮಗು ಅತ್ತಿತೆಂದು ಅಜ್ಜಿ ಪಟ್ಟಿ ಬಿಚ್ಚುವುದೂ ನಿಲ್ಲಲಿ.

ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ವೈದ್ಯರು ಹೇಳಿದ ದಿನಕ್ಕೆ ತಪ್ಪದೇ ಹೋಗಿ. ದೃಷ್ಟಿ ಸರಿಹೋದ ಮೇಲೂ ಒಮ್ಮೆಲೇ ನಿಲ್ಲಿಸಬಾರದು. ಚಿಕಿತ್ಸೆ ಬಿಟ್ಟ ಒಂದು ವರ್ಷದೊಳಗೆ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ದೃಷ್ಟಿ ಮತ್ತೆ ಹಿಂದೆ ಸರಿಯುತ್ತದೆ. ಬೇಗ ಕಂಡುಹಿಡಿದರೆ ಅದನ್ನೂ ಮತ್ತೆ ಸರಿಪಡಿಸಬಹುದು.

ವಯಸ್ಸು ಎಂಟು ದಾಟಿದ್ದರೆ?

ಕೈಚೆಲ್ಲಬೇಡಿ. ಕಣ್ಣಿನ ಬಾಗಿಲು ಗಿಣ್ಣಿನ ಹಾಗೆ ಒಂದೇ ದಿನದಲ್ಲಿ ಮುಚ್ಚಿಹೋಗುವುದಿಲ್ಲ, ನಿಧಾನವಾಗಿ ಮುಚ್ಚುತ್ತದೆ. ಅಮೆರಿಕದಲ್ಲಿ 7ರಿಂದ 17 ವರ್ಷದ 507 ಮಕ್ಕಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಅದರಲ್ಲಿ 7ರಿಂದ 12 ವರ್ಷದ ಮಕ್ಕಳಿಗೆ ಕನ್ನಡಕದ ಜೊತೆ ಪಟ್ಟಿ ಮತ್ತು ಹನಿಯ ಚಿಕಿತ್ಸೆ ಕೊಟ್ಟಾಗ ನೂರರಲ್ಲಿ 53 ಮಕ್ಕಳ ದೃಷ್ಟಿ ಗಮನಾರ್ಹವಾಗಿ ಸುಧಾರಿಸಿತು. ಬರೀ ಕನ್ನಡಕ ಹಾಕಿದವರಲ್ಲಿ 25 ಮಕ್ಕಳಿಗೆ ಸುಧಾರಿಸಿತು. 13 ದಾಟಿದವರಲ್ಲಿ, ಮೊದಲು ಎಂದೂ ಚಿಕಿತ್ಸೆ ಪಡೆಯದ ಕೆಲವರಿಗೂ ಗುಣ ಕಂಡಿತು. ಹಾಗಾಗಿ ದೊಡ್ಡ ಮಗುವಾದರೂ ಒಮ್ಮೆ ತೋರಿಸಿ. ಆದರೆ ಚಿಕ್ಕ ವಯಸ್ಸಿನಲ್ಲಿ ಸಿಗುವಷ್ಟು ಫಲ ಸಿಗುತ್ತದೆ ಎಂಬ ಭರವಸೆ ಇಲ್ಲ.

ಒಂದು ಕಣ್ಣು ಕಂಡರೆ ಸಾಲದೇ?

ಹೀಗೆ ಕೇಳುವವರಿದ್ದಾರೆ. ಎರಡು ಕಣ್ಣು ಒಟ್ಟಿಗೆ ನೋಡಿದಾಗಲೇ ಆಳ, ದೂರದ ಸರಿಯಾದ ಅಂದಾಜು ಸಿಗುವುದು. ಸೇನೆ, ಪೊಲೀಸ್ ಇಲಾಖೆ, ರೈಲು ಚಾಲಕರ ಹುದ್ದೆಗಳಲ್ಲಿ ಎರಡೂ ಕಣ್ಣಿನ ದೃಷ್ಟಿಯನ್ನು ಬೇರೆ ಬೇರೆಯಾಗಿ ಪರೀಕ್ಷಿಸುತ್ತಾರೆ. ಎಷ್ಟೋ ಯುವಕ ಯುವತಿಯರಿಗೆ ತಮ್ಮ ಒಂದು ಕಣ್ಣು ಮಂದ ಎಂದು ಮೊದಲ ಸಲ ತಿಳಿಯುವುದೇ ಅಲ್ಲಿ. ಓಟ, ಲಿಖಿತ ಪರೀಕ್ಷೆ ಎಲ್ಲ ಗೆದ್ದು ಕಣ್ಣಿನಲ್ಲಿ ಸೋತು ಬರುತ್ತಾರೆ.

ಇನ್ನೊಂದು ಅಪಾಯ ನಿಮಗೇ ಗೊತ್ತಿರುವುದು. ಹಾಲು ಕರೆಯುವಾಗ ಬೀಸಿದ ಬಾಲ, ಕೊಡವಿದ ಕೊಂಬು, ಕಬ್ಬಿನ ಗರಿ, ಭತ್ತದ ಹೊಟ್ಟು, ಇವುಗಳಿಂದ ಕಣ್ಣಿಗೆ ಪೆಟ್ಟಾಗುವುದು ನಮ್ಮ ಕಸುಬಿನಲ್ಲಿ ಅಪರೂಪವಲ್ಲ. ಎರಡು ಒಳ್ಳೆಯ ಕಣ್ಣಿದ್ದವರಿಗೆ ಒಂದು ಹೋದರೆ ಇನ್ನೊಂದಿದೆ. ಸೋಮಾರಿ ಕಣ್ಣಿದ್ದವರಿಗೆ ಇರುವ ಒಂದು ಒಳ್ಳೆಯ ಕಣ್ಣಿಗೇ ಪೆಟ್ಟಾದರೆ?

ಹೆಣ್ಣುಮಗುವಿನ ಮಾತು ಬೇರೆಯಾಗಿ ಹೇಳಬೇಕು. ‘ಈಗಲೇ ಕನ್ನಡಕ ಹಾಕಿಸಿದರೆ ನಾಳೆ ಮದುವೆಗೆ ಕಷ್ಟ’ ಎಂಬ ಹೆದರಿಕೆಯಿಂದ ಹೆಣ್ಣುಮಕ್ಕಳ ಚಿಕಿತ್ಸೆ ಮುಂದೂಡುವವರಿದ್ದಾರೆ. ಕನ್ನಡಕವನ್ನು ಆಮೇಲೂ ಬದಲಿಸಬಹುದು, ಕಳೆದ ವಯಸ್ಸನ್ನು ತರಲಾಗದು. ಮದುವೆಯ ಹೊತ್ತಿಗೆ ಕನ್ನಡಕ ಬೇಡ ಎನ್ನುವವರಿಗೆ ಬೇರೆ ದಾರಿಗಳಿವೆ. ಮಂದವಾಗಿ ಉಳಿದ ಕಣ್ಣಿಗೆ ದೊಡ್ಡವರಾದ ಮೇಲೆ ಯಾವ ಕನ್ನಡಕ ಹಾಕಿಸಿದರೂ ಪೂರ್ತಿ ಕಾಣುವುದಿಲ್ಲ.

ಮಾಡಬಾರದ್ದು

‘ಮೆಳ್ಳೆಗಣ್ಣು ಅದೃಷ್ಟ’ ಎಂದು ಬಿಡಬೇಡಿ. ‘ಬೆಳೆದಂತೆ ಸರಿಹೋಗುತ್ತದೆ’ ಎಂದು ಕಾಯಬೇಡಿ. ಕಣ್ಣಿಗೆ ಎದೆಹಾಲು, ಹರಳೆಣ್ಣೆ, ಜೇನುತುಪ್ಪ, ಸೊಪ್ಪಿನ ರಸ ಏನನ್ನೂ ಬಿಡಬೇಡಿ. ಸೋಂಕು ತಗುಲಿ ಇರುವ ದೃಷ್ಟಿಯೂ ಹೋಗಬಹುದು. ಹಾಲು, ಕ್ಯಾರೆಟ್, ನುಗ್ಗೆಸೊಪ್ಪು, ಅಂಗನವಾಡಿಯಲ್ಲಿ ಕೊಡುವ ‘ಎ’ ಜೀವಸತ್ವದ ಹನಿ ಇವೆಲ್ಲ ಮಗುವಿಗೆ ಬೇಕು, ಇರುಳುಗಣ್ಣು ಬರದಂತೆ ಕಾಯುತ್ತವೆ. ಆದರೆ ಸೋಮಾರಿ ಕಣ್ಣಿಗೆ ಅವು ಮದ್ದಲ್ಲ. ನಾವೇ ಹಾಲು ಉತ್ಪಾದಕರಾದರೂ ಈ ಮಾತನ್ನು ಸ್ಪಷ್ಟವಾಗಿ ಹೇಳಬೇಕು.

ಎಲ್ಲಿಗೆ ಹೋಗಬೇಕು? ಖರ್ಚೆಷ್ಟು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ (ಆರ್‌ಬಿಎಸ್‌ಕೆ) ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಉಚಿತ ತಪಾಸಣೆ ಇದೆ. ಇದರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ದೃಷ್ಟಿದೋಷ, ಹುಟ್ಟಿನಿಂದ ಬಂದ ಪೊರೆ ಇದರ ಪಟ್ಟಿಯಲ್ಲಿವೆ. ತಂಡ ಯಾವ ದಿನ ಬರುತ್ತದೆ ಎಂದು ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿಟ್ಟುಕೊಳ್ಳಿ. ಆ ದಿನ ಮಗುವನ್ನು ತಪ್ಪಿಸಬೇಡಿ. ‘ಒಂದೊಂದು ಕಣ್ಣನ್ನೂ ಬೇರೆ ಬೇರೆಯಾಗಿ ನೋಡಿ’ ಎಂದು ನೀವೇ ಕೇಳಿ. ಚಿಕಿತ್ಸೆ ಬೇಕಾದರೆ ಚೀಟಿ ಬರೆದು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ. ಶಾಲಾ ಮಕ್ಕಳಿಗೆ ಸರ್ಕಾರದಿಂದ ಉಚಿತ ಕನ್ನಡಕ ಸಿಗುವ ವ್ಯವಸ್ಥೆಯೂ ಇದೆ. ಇನ್ನೂ ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಿನ ಆಸ್ಪತ್ರೆ ಇದೆ.

ಸಹಕಾರ ಸಂಘದ ಸದಸ್ಯರಾದ ನಿಮಗೆ ಯಶಸ್ವಿನಿ ಯೋಜನೆಯೂ ಇದೆ. ಇದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗಾಗಿ ಇರುವ ಯೋಜನೆ. ವೈದ್ಯರು ಮಗುವಿಗೆ ಶಸ್ತ್ರಚಿಕಿತ್ಸೆ ಹೇಳಿದರೆ, ಅದು ಯೋಜನೆಯಲ್ಲಿ ಸೇರಿದೆಯೇ, ಯಾವ ಆಸ್ಪತ್ರೆಯಲ್ಲಿ ಮಾಡಿಸಬೇಕು ಎಂದು ದಾಖಲಾಗುವ ಮೊದಲೇ ಕೇಳಿ. ನೋಂದಣಿ ಮಾಡಿಸುವಾಗ ಮಕ್ಕಳ ಹೆಸರು ಸೇರಿದೆಯೇ ಎಂದು ಸಂಘದ ಕಾರ್ಯದರ್ಶಿಯವರ ಬಳಿ ಖಚಿತಪಡಿಸಿಕೊಳ್ಳಿ.

ಕೊನೆಗೆ ಒಂದು ಕೋರಿಕೆ. ಈ ಲೇಖನವನ್ನು ನಿಮ್ಮ ಸಂಘದ ಮುಂದಿನ ಸಭೆಯಲ್ಲೋ ಸ್ತ್ರೀಶಕ್ತಿ ಗುಂಪಿನಲ್ಲೋ ಓದಿಹೇಳಿ. ಓದಲು ಬಾರದ ಸದಸ್ಯೆಯರಿಗೆ ಕಣ್ಣು ಮರೆ ಮಾಡಿ ನೋಡುವ ಪರೀಕ್ಷೆಯನ್ನು ಮಾಡಿ ತೋರಿಸಿ. ಇಂದು ಸಂಜೆ ಹಾಲು ಹಾಕಿ ಮನೆಗೆ ಹೋದ ಮೇಲೆ ಐದು ನಿಮಿಷ ಬಿಡುವು ಮಾಡಿಕೊಂಡು, ನಿಮ್ಮ ಮನೆಯ ಮಗುವಿನ ಒಂದೊಂದು ಕಣ್ಣನ್ನೂ ಮುಚ್ಚಿಸಿ ಗೋಡೆಯ ಕ್ಯಾಲೆಂಡರ್ ಓದಿಸಿ.